ಜಾಗವಿಲ್ಲ ಎಂದ ಡಿಸ್ಕ್

"ಇನ್ನೊಂದ್ ಸಲ ಫಾರ್ಮ್ಯಾಟ್ ಅಂದ್ರೆ ಈ ಸ್ಕ್ರೂಡ್ರೈವರ್ ಎಲ್ಲಿ ಇಳಿಯತ್ತೆ ಅಂತ ನಂಗೇ ಗೊತ್ತಿಲ್ಲ!"

ಅಳಿಯ ಹಿಂದಕ್ಕೆ ಸರಿದು ನಿಂತ. ಲಾಂಡ್ರಿ ಯಜಮಾನರ ಒಬ್ಬಳೇ ಮಗಳನ್ನು ಮದುವೆಯಾಗಿ ಮ್ಯಾನೇಜರ್ ಕುರ್ಚಿಗೆ ಬಂದವನು ಅವನು. ಕೆಲಸದವರೆಲ್ಲ ಅವನಿಗೆ ಇಟ್ಟ ಹೆಸರೇ ಅಳಿಯ, ಎದುರಿಗೆ ಬಂದಾಗ ಮಾತ್ರ ಸಾರ್. ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಮಾತು.

"ನಿಮ್ಮ ಒಳ್ಳೇದಕ್ಕೇ ಹೇಳಿದ್ದು," ಎಂದ. "ಡಿಸ್ಕ್ ಫುಲ್ ಆಗಿದೆ. ಫುಲ್ ಆದ್ಮೇಲೆ ರೆಕಾರ್ಡ್ ಆಗಿಲ್ಲ. ಇಲ್ಲದೇ ಇರೋದನ್ನ ಹುಡುಕ್ತಾ ಕೂತ್ರೆ ಸಿಗತ್ತಾ? ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿದ್ರೆ ಆಯ್ತು."

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋ ಪೈಕಿ ನೀವು. ಸುಮ್ನೆ ಕೂತ್ಕೊಳ್ಳಿ."

ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ರಿಪೇರಿ ಅಕ್ಕ. ಊರಿನ ಅರ್ಧ ಕಂಪ್ಯೂಟರುಗಳು ಒಂದಲ್ಲ ಒಂದು ದಿನ ಅವಳ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವೇ. ಜನ ಬೆನ್ನ ಹಿಂದೆ ಅವಳನ್ನು ಸಿಡಿಮದ್ದು ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಬೇಜಾರೂ ಇರಲಿಲ್ಲ. ಆದರೆ ಇವತ್ತಿನ ಸಿಟ್ಟು ದಿನನಿತ್ಯದ ಸಿಟ್ಟಲ್ಲ. ಇವತ್ತು ಅವಳ ಸ್ವಂತ ತಮ್ಮ ಲಾಕಪ್ಪಿನಲ್ಲಿದ್ದ.

ಈ ಲಾಂಡ್ರಿಯ ಬಾಯ್ಲರ್ ಒಂದು ಬೆಳಗಿನ ಜಾವ ಸಿಡಿದು ರಾತ್ರಿ ಪಾಳಿಯ ಮುದಿ ಮೇಸ್ತ್ರಿ ಸತ್ತಿದ್ದ. ಒತ್ತಡ ಹೆಚ್ಚಾದಾಗ ಹಬೆಯನ್ನು ಹೊರಬಿಡಬೇಕಾದ ಸೇಫ್ಟಿ ವಾಲ್ವ್‌ಗೆ ಯಾರೋ ತಂತಿ ಬಿಗಿದು ಬಾಯಿ ಕಟ್ಟಿದ್ದರು. ಹಗಲು ಪಾಳಿಯಲ್ಲಿ ಅದೇ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಅವಳ ತಮ್ಮ. ಮೇಸ್ತ್ರಿಗೂ ಅವನಿಗೂ ಹಿಂದಿನ ವಾರ ಎಲ್ಲರ ಎದುರಿಗೇ ಜಗಳವಾಗಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು.

"ಅಕ್ಕಾ, ಸಂಜೆ ಗೇಟ್ ದಾಟಿದ್ಮೇಲೆ ನಾನು ಆ ಕಡೆ ತಲೆ ಕೂಡ ಹಾಕಿಲ್ಲ, ನಿನ್ನಾಣೆ," ಎಂದು ಅವನು ಸರಳುಗಳ ಹಿಂದಿನಿಂದ ಹೇಳಿದ್ದ. ಹೇಳುವಾಗ ಅವನ ದನಿ ಒಡೆದಿತ್ತು. ಅಪ್ಪ ಹೋದ ಮೇಲೆ ಅವನನ್ನು ಎತ್ತಿ ಬೆಳೆಸಿದವಳು ಅವಳು. ಅವನು ಸುಳ್ಳು ಹೇಳಿದರೆ ಮೂಗಿನ ತುದಿ ಕೆಂಪಾಗುತ್ತದೆ ಎಂದು ಅವಳ ನಂಬಿಕೆ. ಆವತ್ತು ಕೆಂಪಾಗಿರಲಿಲ್ಲ. ಲಾಕಪ್ಪಿನ ಮಂಕು ಬೆಳಕಿನಲ್ಲಿ ಕೆಂಪು ಕಾಣುತ್ತದೆಯೇ ಎಂದು ಅವಳು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ, ಅಷ್ಟೆ.

ಬಾಯ್ಲರ್ ಕೋಣೆಯ ಬಾಗಿಲ ಮೇಲೆ ಒಂದು ಕ್ಯಾಮೆರಾ ಇತ್ತು. ಸಿಡಿತದಲ್ಲಿ ಅದು ಚೂರಾಗಿತ್ತು, ನಿಜ. ಆದರೆ ಅದು ನೋಡಿದ್ದೆಲ್ಲ ಬಂದು ಕೂರುತ್ತಿದ್ದದ್ದು ಈ ಕಂಪ್ಯೂಟರಿನಲ್ಲಿ. ಆ ರಾತ್ರಿಯ ಒಂದೇ ಒಂದು ಚಿತ್ರ ಸಿಕ್ಕಿದರೂ ಸಾಕು, ತಮ್ಮ ಮನೆಗೆ ಬರುತ್ತಾನೆ. ಕಂಪ್ಯೂಟರ್ ಮಾತ್ರ ತೆರೆದಾಗಲೆಲ್ಲ ಒಂದೇ ಮಾತು ಹೇಳುತ್ತಿತ್ತು: ಡಿಸ್ಕ್‌ನಲ್ಲಿ ಜಾಗವಿಲ್ಲ, ರೆಕಾರ್ಡಿಂಗ್ ನಿಂತಿದೆ.

ಕಿಟಕಿಯ ಪಕ್ಕ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ ಇನ್ಸ್‌ಪೆಕ್ಟರ್ ಆಕಳಿಸಿದ. ಕೇಸು ಅವನದೇ.

"ನಿಧಾನವಾಗಿ ನೋಡಮ್ಮ," ಎಂದ. "ನಿಂಗೆ ಯಾಕೆ ಬಿಟ್ಟಿದೀನಿ ಹೇಳು? ನಾಳೆ ಪೊಲೀಸ್‌ನೋರು ಮುಚ್ಚಿಟ್ರು ಅಂತ ನೀನು ಬೀದೀಲಿ ನಿಂತು ಬಾಯಿ ಬಡ್ಕೋಬಾರ್ದು. ನೀನೇ ನೋಡು, ಏನೂ ಇಲ್ಲ ಅಂತ ಒಂದು ಸಹಿ ಹಾಕು. ನಿಂಗೂ ಸಮಾಧಾನ, ನಂಗೂ ಸಮಾಧಾನ."

"ಸಹಿ ಹಾಕೋ ಕೈಲಿ ಈಗ ಬೇರೆ ಕೆಲಸ ಇದೆ ಸಾರ್."

ಇನ್ಸ್‌ಪೆಕ್ಟರ್ ನಕ್ಕ. ಒರಟನಾದರೂ ಮನುಷ್ಯತ್ವ ಇರುವವನು ಎಂದು ಅವಳು ಲೆಕ್ಕ ಹಾಕಿದ್ದಳು. ಠಾಣೆಗೆ ಹೋದಾಗಲೆಲ್ಲ ಕುರ್ಚಿ ಕೊಡಿಸಿದ್ದ, ತಮ್ಮನಿಗೆ ಊಟ ಕೊಡಲು ಬಿಟ್ಟಿದ್ದ.

ಆಫೀಸು ಎಂದರೆ ಒಗೆಯುವ ಹಾಲ್‌ನ ಒಂದು ಮೂಲೆಯಲ್ಲಿ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕಾದ ಗಾಜಿನ ಕೋಣೆ. ಕೆಳಗೆ ಆಸ್ಪತ್ರೆಗಳಿಂದ ಬಂದ ಹಾಸು, ಹೊದಿಕೆ, ದಿಂಬಿನ ಚೀಲಗಳ ರಾಶಿ. ದೊಡ್ಡ ದೊಡ್ಡ ಡ್ರಮ್ಮುಗಳು ಅವನ್ನು ಎತ್ತಿ ಕುಕ್ಕುತ್ತಿದ್ದವು. ಆ ಕುಕ್ಕಿಗೆ ಆಫೀಸಿನ ನೆಲ ಸಣ್ಣಗೆ ನಡುಗುತ್ತಿತ್ತು, ಮೇಜಿನ ಮೇಲಿನ ಲೋಟದ ನೀರೂ ನಡುಗುತ್ತಿತ್ತು. ಸಿಡಿದ ಬಾಯ್ಲರ್ ಕೋಣೆಗೆ ತಗಡು ಅಡ್ಡ ಹೊಡೆದು, ಬಾಡಿಗೆ ಬಾಯ್ಲರ್ ತಂದು ಅಂಗಳದಲ್ಲಿ ನಿಲ್ಲಿಸಿ, ಮೇಸ್ತ್ರಿಯ ಮಣ್ಣು ಆರುವ ಮೊದಲೇ ಯಜಮಾನರು ಕೆಲಸ ಶುರು ಮಾಡಿಸಿದ್ದರು. ಅದಕ್ಕೂ ಅವಳ ಮೈ ಉರಿದಿತ್ತು.

ಅವಳು ಮತ್ತೆ ಪರದೆಗೆ ಮುಖ ಕೊಟ್ಟಳು.

ಡಿಸ್ಕ್ ತುಂಬಿದೆ. ಸರಿ, ಯಾವುದರಿಂದ ತುಂಬಿದೆ? ಒಂದೊಂದು ಫೋಲ್ಡರನ್ನೂ ಅಳೆದು ಕೂಡಿಸಿ ನೋಡಿದಳು. ಒಟ್ಟು ಡಿಸ್ಕಿನ ಕಾಲು ಭಾಗವೂ ಬರಲಿಲ್ಲ. ಮತ್ತೊಮ್ಮೆ ಕೂಡಿಸಿದಳು. ಅಷ್ಟೇ ಬಂತು. ಮುಕ್ಕಾಲು ಡಿಸ್ಕಿನಷ್ಟು ಜಾಗವನ್ನು ಏನೋ ತಿಂದು ಕೂತಿದೆ, ಆ ಏನೋ ಮಾತ್ರ ಕಣ್ಣಿಗೆ ಕಾಣುತ್ತಿಲ್ಲ.

"ಕಳ್ಳ ಮನೇಲೇ ಇದಾನೆ," ಎಂದು ಗೊಣಗಿದಳು.

"ಯಾರು?" ಎಂದ ಅಳಿಯ ಥಟ್ಟನೆ.

ಅವಳು ತಿರುಗಿ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಜನ ಬರೀ ಗಾದೆ ಎಂದುಕೊಂಡಿದ್ದಾರೆ.

"ಡಿಸ್ಕಿನ ಮಾತು ಆಡ್ತಿದೀನಿ. ನಿಮಗ್ಯಾಕೆ ಬೆವರು?"

"ಇಲ್ಲಿ ಸೆಕೆ ಅಲ್ವಾ."

ಅವಳು ಕೆಲಸ ಮುಂದುವರಿಸಿದಳು. ಅಳಿಸಿದ ಫೈಲುಗಳು ಹೋಗಿ ಬೀಳುವ ಕಸದ ಬುಟ್ಟಿ ನೋಡಿದಳು, ಖಾಲಿ. ಬಚ್ಚಿಟ್ಟ ಫೈಲುಗಳನ್ನೂ ತೋರಿಸು ಎಂದಳು. ಪುಡಿಗಾಸಿನಂಥ ನಾಲ್ಕಾರು ಬಂದವು. ಕೆಲವು ಸಲ ಫೈಲನ್ನು ಅಳಿಸಿದರೂ, ಅದನ್ನು ಬಳಸುತ್ತಿದ್ದ ಪ್ರೋಗ್ರಾಂ ಹಿಡಿದುಕೊಂಡೇ ಇರುತ್ತದೆ. ಹೆಸರು ಹೋದರೂ ಜಾಗ ಬಿಡುಗಡೆಯಾಗುವುದಿಲ್ಲ. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಅಂಥದ್ದು ಬಿಟ್ಟುಹೋಗಬೇಕು. ಆರಿಸಿ ಹೊತ್ತಿಸಿದಳು. ಬಿಟ್ಟುಹೋಗಲಿಲ್ಲ. ಡಿಸ್ಕ್ ಕೆಟ್ಟು ಸುಳ್ಳು ಲೆಕ್ಕ ಕೊಡುತ್ತಿದೆಯೇ ಎಂದು ಪರೀಕ್ಷೆಗೆ ಹಚ್ಚಿದಳು. ಅದು ತೆವಳಿಕೊಂಡು ಹೋಗಿ ಕೊನೆಗೆ, ಡಿಸ್ಕ್ ಆರೋಗ್ಯವಾಗಿದೆ ಎಂದಿತು. ಆರೋಗ್ಯವಂತೆ! ಒದೆಯಬೇಕು ಅನ್ನಿಸಿತು ಅವಳಿಗೆ.

ಅಲ್ಲಿಗೆ ಅವಳ ಬತ್ತಳಿಕೆ ಬರಿದಾಗಿತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಸಿಟ್ಟೆಲ್ಲ ಹೊರಳಿ ಕಣ್ಣೆದುರು ಇದ್ದವನ ಮೇಲೆ ಹೋಯಿತು.

"ಒಂದು ಮಾತು ಕೇಳ್ತೀನಿ," ಎಂದು ಕುರ್ಚಿಯನ್ನು ಅಳಿಯನ ಕಡೆ ತಿರುಗಿಸಿದಳು. "ನನ್ನ ತಮ್ಮನ್ನ ಹಿಡ್ಕೊಂಡು ಹೋದ ಮಾರನೇ ದಿನ ನೀವು ನನ್ನ ಎದುರು ಅಂಗಡಿಯವರಿಗೆ ಫೋನ್ ಮಾಡಿದ್ರಿ. ಈ ಕಂಪ್ಯೂಟರ್ ಪೂರ್ತಿ ಅಳಿಸಿಕೊಡ್ತೀರಾ ಅಂತ ಕೇಳಿದ್ರಿ. ಹೌದೋ ಅಲ್ವೋ?"

ಅಳಿಯ ಕಾಲರ್ ಸರಿಮಾಡಿಕೊಂಡ. "ಯಾರ್ ಹೇಳಿದ್ದು?"

"ಎದುರು ಅಂಗಡಿಯವ್ನೇ. ನಾವಿಬ್ರೂ ಗಿರಾಕಿಗೋಸ್ಕರ ಕಿತ್ತಾಡ್ತೀವಿ, ಹೆಣದ ವಿಷಯದಲ್ಲಿ ಕಿತ್ತಾಡಲ್ಲ. ಹೌದೋ ಅಲ್ವೋ, ಅಷ್ಟು ಹೇಳಿ."

"ಅದು... ಬಿಲ್ ಹಾಕೋದಕ್ಕೆ ಆಗ್ತಿರ್ಲಿಲ್ಲ. ಕಂಪ್ಯೂಟರ್ ನಿಂತೋಗಿತ್ತು. ಆಸ್ಪತ್ರೆಗಳೋರು ಬಿಲ್ ಬಿಲ್ ಅಂತ..."

"ಬಿಲ್ ಹಾಕೋದು ಆ ಕಂಪ್ಯೂಟರಲ್ಲಿ!" ಅವಳ ಬೆರಳು ಮೂಲೆಯಲ್ಲಿದ್ದ ಇನ್ನೊಂದು ಮೇಜಿನತ್ತ ಚಾಚಿತು. "ಅದನ್ನ ಜೋಡಿಸಿಕೊಟ್ಟಿದ್ದು ನಾನು. ಇದರಲ್ಲಿ ಕ್ಯಾಮೆರಾ ಬಿಟ್ರೆ ಇನ್ನೇನೂ ಇಲ್ಲ. ಯಾರ ಕಣ್ಣಿಗೆ ಮಣ್ಣೆರಚ್ತೀರಿ?"

"ಮಾತು ಸ್ವಲ್ಪ ನೋಡ್ಕೊಂಡು..."

"ನೋಡ್ಕೊಂಡೇ ಆಡ್ತಿದೀನಿ. ನೋಡ್ದೆ ಆಡಿದ್ರೆ ಕೆಳಗಡೆ ಡ್ರಮ್ ನಿಲ್ಲತ್ತೆ. ನಮ್ಮಮ್ಮ ಅನ್ನದ ತಟ್ಟೆ ಮುಂದೆ ಕೂತು ಅಳ್ತಾಳೆ, ತಿನ್ನಲ್ಲ. ನನ್ನ ತಮ್ಮ ಕೊಲೆಗಾರ ಅಂತ ಬೀದಿ ಜನ ನಮ್ಮನೆ ಬಾಗಿಲ ಮುಂದೆ ಮೆಲ್ಲಗೆ ನಡೀತಾರೆ, ಇಣುಕೋದಕ್ಕೆ. ನೀವು ಇಲ್ಲಿ ಇಸ್ತ್ರಿ ಅಂಗಿ ಹಾಕ್ಕೊಂಡು ಅಳಿಸಿಬಿಡಿ ಅಳಿಸಿಬಿಡಿ ಅಂತ ಗಿಳಿಪಾಠ ಒಪ್ಪಿಸ್ತೀರಿ. ಏನನ್ನ ಅಳಿಸ್ಬೇಕು? ಏನೂ ಇಲ್ಲ ಅಂತೀರಿ, ಏನೂ ಇಲ್ಲದ್ದನ್ನ ಅಳಿಸೋದಕ್ಕೆ ಇಷ್ಟು ಆತುರ ಯಾಕೆ?"

ಅಳಿಯ ಕಿಟಕಿಯ ಕಡೆ ನೋಡಿದ.

"ಹೋಗ್ಲಿ ಬಿಡಮ್ಮ," ಎಂದ ಇನ್ಸ್‌ಪೆಕ್ಟರ್ ಅಲ್ಲಿಂದ. "ಕೂಗಾಡಿದ್ರೆ ಡಿಸ್ಕ್ ಖಾಲಿ ಆಗಲ್ಲ. ಮುಗೀತಾ ನಿಂದು? ಸಂಜೆ ಆಯ್ತು."

ಹೌದು, ಸಂಜೆಯಾಗಿತ್ತು. ಪಾಳಿ ಮುಗಿಯುವ ಸೈರನ್ ಕೂಗಿತು, ಡ್ರಮ್ಮುಗಳು ಒಂದೊಂದಾಗಿ ಏದುಸಿರು ಬಿಟ್ಟು ನಿಂತವು. ಮೆಟ್ಟಿಲ ಮೇಲೆ ಬೀಗದ ಕೈ ಗೊಂಚಲಿನ ಸದ್ದಾಯಿತು. ಯಜಮಾನರು ಬಂದರು.

ಯಜಮಾನರ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಮನುಷ್ಯ ತನ್ನ ನೆರಳನ್ನೂ ನಂಬುವವರಲ್ಲ. ಸೋಪಿನ ಪುಡಿಯ ಮೂಟೆಗಳ ಮೇಲೆ ಪೆನ್ನಿನಿಂದ ಗುರುತು ಹಾಕುವವರು, ಮಗಳು ಕೊಟ್ಟ ಚಹಾವನ್ನೂ ಮೂಸಿ ಕುಡಿಯುವವರು. ಕಂಕುಳಲ್ಲಿ ಊಟದ ಚೀಲ ಅವುಚಿಕೊಂಡು ಒಳಗೆ ಬಂದವರು ಯಾರ ಮುಖವನ್ನೂ ನೋಡಲಿಲ್ಲ. ನೇರ ಕಂಪ್ಯೂಟರಿನ ಬಳಿ ಬಂದು, ಅವಳ ಕೈಯಡಿಯ ಮೌಸನ್ನು ತಮ್ಮ ಕಡೆ ಎಳೆದುಕೊಂಡು, ಯಾವುದೋ ಒಂದು ಗುರುತನ್ನು ಒತ್ತಿ, ಯಂತ್ರದ ಹಿಂದೆ ಕೈ ಹಾಕಿ ಒಂದು ವೈರು ಕಿತ್ತರು. ವೈರಿನ ತುದಿಗೆ ಕೈಯಗಲದ ಕಪ್ಪು ಪೆಟ್ಟಿಗೆ ಇತ್ತು. ಅದನ್ನು ಊಟದ ಡಬ್ಬಿಯ ಪಕ್ಕಕ್ಕೆ ತುರುಕಿ ಚೀಲದ ಬಾಯಿ ಕಟ್ಟಿದರು.

"ಯಜಮಾನ್ರೇ!" ಅವಳು ಕಿರುಚಿದ ರಭಸಕ್ಕೆ ಇನ್ಸ್‌ಪೆಕ್ಟರಿನ ಟೋಪಿ ನೆಲಕ್ಕೆ ಬಿತ್ತು. "ಕೆಲಸ ಮಾಡ್ತಿರೋವಾಗ ಡಿಸ್ಕ್ ಕೀಳ್ತಾರೇನ್ರೀ ಯಾರಾದ್ರೂ? ಬುದ್ಧಿ ಎಲ್ಲಿ ಇಟ್ಟಿದೀರಿ?"

"ನನ್ನ ಡಿಸ್ಕು, ನಾನು ತಗೊಂಡು ಹೋಗ್ತೀನಿ," ಎಂದರು ಯಜಮಾನರು ತಣ್ಣಗೆ. "ದಿನಾ ತಗೊಂಡು ಹೋಗ್ತೀನಿ. ಇಲ್ಲೇ ಬಿಟ್ರೆ ಕದ್ದು ಅಳಿಸಿಬಿಡ್ತಾರೆ. ಯಾರು ಅಂತ ಕೇಳ್ಬೇಡ, ಎಲ್ಲರೂ ಕಳ್ಳರೇ. ಬೆಳಿಗ್ಗೆ ತಂದು ಚುಚ್ತೀನಿ, ಸಂಜೆ ಕೀಳ್ತೀನಿ. ಕೀಳೋ ಮುಂಚೆ ಆ ಗುರುತು ಒತ್ಬೇಕು ಅಂತ ಹೇಳ್ಕೊಟ್ಟಿದಾರೆ, ಒತ್ತಿದೀನಿ. ಇನ್ನೇನು?"

ಅವಳು ಇನ್ನೂ ನಾಲ್ಕು ಬಯ್ಯಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು.

ಪರದೆಯ ಮೇಲೆ 'ರೆಕಾರ್ಡ್' ಎಂಬ ಫೋಲ್ಡರ್ ತೆರೆದಿತ್ತು. ಈಗಷ್ಟೇ ಅವಳು ಅದನ್ನು ಅಳೆದು ಬಿಟ್ಟಿದ್ದಳು. ಅದರಲ್ಲಿ ಇದ್ದದ್ದೆಲ್ಲ ಹಗಲಿನ ಚಿತ್ರಗಳು: ಕೆಲಸದವರು, ಬಟ್ಟೆ ಗಾಡಿ, ಗೇಟು. ಯಜಮಾನರು ಪೆಟ್ಟಿಗೆ ಕಿತ್ತ ಮೇಲೆ ಆ ಪಟ್ಟಿ ಮಾಯವಾಗಿ ಫೋಲ್ಡರ್ ಖಾಲಿಯಾಗಬೇಕಿತ್ತು. ಖಾಲಿಯಾಗಲಿಲ್ಲ. ಅದೇ ಹೆಸರಿನ ಫೋಲ್ಡರಿನಲ್ಲಿ ಬೇರೆಯೇ ಪಟ್ಟಿ ಬಂದು ನಿಂತಿತ್ತು. ಉದ್ದಕ್ಕೆ, ಇನ್ನೂ ಉದ್ದಕ್ಕೆ. ಅವಳು ಕೆಳಗೆ ಜಾರಿಸುತ್ತ ಹೋದಳು, ಮುಗಿಯಲಿಲ್ಲ.

ಎಲ್ಲವೂ ರಾತ್ರಿಯವು.

ಮೊದಲು ಅವಳಿಗೆ ನಗು ಬಂತು, ಹಿಂದೆಯೇ ಎಂಥದೋ ಕೆಟ್ಟ ಸಿಟ್ಟು. ತನ್ನ ಮೇಲೆಯೂ.

"ಏನಮ್ಮಾ?" ಎಂದ ಇನ್ಸ್‌ಪೆಕ್ಟರ್, ಟೋಪಿ ಎತ್ತಿಕೊಳ್ಳುತ್ತ.

"ಸಾರ್, ಈ ಯಂತ್ರದಲ್ಲಿ ಹೊರಗಿನ ಡಿಸ್ಕ್ ಚುಚ್ಚಿದ್ರೆ ಅದು ಈ ಫೋಲ್ಡರಿನ ಮೇಲೆ ಬಂದು ಕೂರತ್ತೆ. ಹಾಸಿದ ಹಾಸಿಗೆ ಮೇಲೆ ಇನ್ನೊಂದು ಹಾಸು ಹಾಸಿದ ಹಾಗೆ. ಮೇಲಿಂದು ಕಾಣತ್ತೆ, ಕೆಳಗಿಂದು ಕಾಣಲ್ಲ. ಕಾಣಲ್ಲ ಅಷ್ಟೆ, ಇಲ್ಲ ಅಂತ ಅಲ್ಲ." ಅವಳ ಮಾತು ಓಡತೊಡಗಿತು. "ಇವರು ಸಂಜೆ ಪೆಟ್ಟಿಗೆ ಕಿತ್ಕೊಂಡು ಮನೆಗೆ ಹೋಗ್ತಾರೆ. ಕ್ಯಾಮೆರಾ ಪ್ರೋಗ್ರಾಂ ನಿಲ್ಲಲ್ಲ, ನಿಂತ್ರೂ ತಾನೇ ಮತ್ತೆ ಶುರುವಾಗತ್ತೆ. ಅದಕ್ಕೇನು ಗೊತ್ತು ಪೆಟ್ಟಿಗೆ ಊಟದ ಚೀಲದಲ್ಲಿದೆ ಅಂತ? ರೆಕಾರ್ಡ್ ಅನ್ನೋ ಫೋಲ್ಡರಿಗೆ ಹಾಕು ಅಂದಿದಾರೆ, ಹಾಕತ್ತೆ. ಹೊರಗಿನ ಡಿಸ್ಕ್ ಇಲ್ಲ, ಅದಕ್ಕೆ ಯಂತ್ರದ ಒಳಗಿನ ಡಿಸ್ಕಲ್ಲೇ ಬೀಳತ್ತೆ. ಬೆಳಿಗ್ಗೆ ಇವರು ಬಂದು ಪೆಟ್ಟಿಗೆ ಚುಚ್ತಾರೆ. ರಾತ್ರಿ ಬಿದ್ದಿದ್ದರ ಮೇಲೆ ಮುಸುಕು. ದಿನಾ ಇದೇ ಕಥೆ. ಹೊಟ್ಟೆ ತುಂಬ್ತಾ ಬಂತು, ತುಂಬಿದ್ದು ಏನು ಅಂತ ಕಾಣ್ಸಲ್ಲ. ನಾನೂ ಮಧ್ಯಾಹ್ನದಿಂದ ಮುಸುಕಿನ ಮೇಲೇ ಕೈಯಾಡಿಸ್ತಾ ಕೂತಿದ್ದೆ, ದಡ್ಡಿ!"

"ಅಂದ್ರೆ ರಾತ್ರಿ ಕ್ಯಾಮೆರಾ ಕುರುಡಲ್ವಾ?" ಯಜಮಾನರ ಕಣ್ಣು ಅಗಲವಾಯಿತು. "ಡಿಸ್ಕ್ ನನ್ನ ಹತ್ರ ಇರತ್ತೆ, ರಾತ್ರಿ ಏನೂ ಆಗಲ್ಲ ಅಂತಾನೇ ನಾನು..."

"ನೀವು ಮಾತ್ರ ಅಲ್ಲ ಯಜಮಾನ್ರೇ. ಇಲ್ಲಿರೋ ಎಲ್ಲರಿಗೂ ಅದೇ ನಂಬಿಕೆ. ಯಜಮಾನರ ಚೀಲ ಗೇಟ್ ದಾಟಿದ್ರೆ ಕ್ಯಾಮೆರಾಗೆ ಕಣ್ಣಿಲ್ಲ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತು." ಅವಳು ಅಳಿಯನ ಕಡೆ ತಿರುಗಿ ಹಲ್ಲು ಕಚ್ಚಿ ಹೇಳಿದಳು: "ಈಗ ನೋಡೋಣ, ಯಾವ ಬೆಕ್ಕು ಅಂತ."

ಅಳಿಯ ಗೋಡೆಗೆ ಒರಗಿ ನಿಂತ. ಅವನ ಇಸ್ತ್ರಿ ಅಂಗಿ ಬೆನ್ನಲ್ಲಿ ಒದ್ದೆಯಾಗಿತ್ತು.

"ಅದು ಎಲ್ಲಿವರೆಗೆ ಇದೆ?" ಎಂದ ಇನ್ಸ್‌ಪೆಕ್ಟರ್. ಈಗ ಅವನು ಆಕಳಿಸುತ್ತಿರಲಿಲ್ಲ.

ಆ ಪ್ರಶ್ನೆ ಅವಳ ಎದೆಗೆ ಬಡಿಯಿತು. ಹೌದು, ಡಿಸ್ಕ್ ತುಂಬಿದ್ದು ಯಾವಾಗ? ಸಿಡಿತಕ್ಕೆ ಒಂದು ದಿನ ಮುಂಚೆ ತುಂಬಿದ್ದರೆ ಇಷ್ಟೆಲ್ಲ ಕುಣಿದದ್ದು ದಂಡ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಗುತ್ತದೆ. ಪಟ್ಟಿಯ ಕೊನೆಗೆ ಹೋದಳು. ಕೊನೆಯ ಫೈಲಿನ ದಿನಾಂಕ ಓದಿದಳು. ಇನ್ನೊಮ್ಮೆ ಓದಿದಳು.

ಅದೇ ರಾತ್ರಿ.

"ಇದೆ," ಎಂದಳು. "ಇದೆ ಸಾರ್. ನನ್ನ ತಮ್ಮ ಮನೆಗೆ ಬರ್ತಾನೆ. ಯಜಮಾನ್ರೇ, ಆ ಪೆಟ್ಟಿಗೆ ಕೊಡಿ, ಮೊದಲು ಇದನ್ನ ಅದಕ್ಕೆ ನಕಲು ಮಾಡ್ಕೋತೀನಿ. ಇರೋದು ಇದೊಂದೇ ಪ್ರತಿ."

"ನಕಲು ಆಮೇಲೆ," ಎಂದ ಇನ್ಸ್‌ಪೆಕ್ಟರ್. "ಮೊದಲು ತೋರ್ಸು."

ಅವಳು ಒಂದು ಗಳಿಗೆ ಹಿಂದೆಮುಂದೆ ನೋಡಿದಳು. ಆದರೆ ನೋಡುವ ಹಂಬಲ ಅವಳಿಗೂ ಅಷ್ಟೇ ಇತ್ತು. ಒತ್ತಿದಳು.

ಬಣ್ಣವಿಲ್ಲದ ಚಿತ್ರ, ಸದ್ದಿಲ್ಲ. ಬಾಗಿಲ ಮೇಲಿನಿಂದ ಕಂಡ ಬಾಯ್ಲರ್ ಕೋಣೆ. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದ. ಆ ಮುದುಕ ಬದುಕಿ ಕೂತಿರುವುದನ್ನು ಕಂಡು ಯಜಮಾನರು ಚೀಲವನ್ನು ಎದೆಗೆ ಒತ್ತಿಕೊಂಡರು. ಮೇಸ್ತ್ರಿ ಬಾಗಿಲ ಕಡೆ ತಲೆ ಎತ್ತಿದ. ಯಾರೋ ಒಳಗೆ ಬಂದರು. ಮೊದಲು ಬೆನ್ನು ಕಂಡಿತು, ಮತ್ತೆ ಕೈಯಲ್ಲಿದ್ದ ತಂತಿಯ ಸುರುಳಿ.

"ಸಿಕ್ಕಿದ!" ಎಂದು ರಿಪೇರಿ ಅಕ್ಕ ಮೇಜು ಗುದ್ದಿದಳು. "ತಿರುಗೋ, ತಿರುಗು, ಮುಖ ತೋರ್ಸು ಮಗನೇ!"

ಅವನು ತಿರುಗಿದ.

ಅವಳ ತಮ್ಮ.

ಚಿತ್ರ ತನ್ನ ಪಾಡಿಗೆ ಓಡಿತು. ಮೇಸ್ತ್ರಿ ಎದ್ದ, ತಮ್ಮ ಸ್ಟೂಲಿನ ಮೇಲೆ ಹತ್ತಿದ. ಮೇಸ್ತ್ರಿ ಅವನನ್ನು ತಡೆಯಲಿಲ್ಲ. ತಡೆಯುವುದು ಹಾಗಿರಲಿ, ಸ್ಟೂಲು ಅಲುಗದಂತೆ ಕಾಲಿನಿಂದ ಒತ್ತಿ ಹಿಡಿದ. ಟಾರ್ಚು ಹೊತ್ತಿಸಿ ವಾಲ್ವಿನ ಮೇಲೆ ಬೆಳಕು ಬಿಟ್ಟ. ತಮ್ಮ ತಂತಿ ಸುತ್ತಿ ಇಕ್ಕಳದಿಂದ ತಿರುಚಿದ. ಮೇಸ್ತ್ರಿ ಬೆರಳು ತೋರಿಸಿ, ಇನ್ನೂ ಬಿಗಿ ಎಂಬಂತೆ ಸನ್ನೆ ಮಾಡಿದ. ಊರೆಲ್ಲ ಹಗೆಗಳು ಎನ್ನುತ್ತಿದ್ದ ಇಬ್ಬರು ಒಂದೇ ಕೆಲಸಕ್ಕೆ ಕೈ ಹಾಕಿದ್ದರು, ಅದೂ ಸಾಯಲಿದ್ದವನೇ ದೀಪ ಹಿಡಿದು.

ಕೆಲಸ ಮುಗಿಯಿತು. ಇಬ್ಬರೂ ಒಟ್ಟಿಗೆ ಬಾಗಿಲ ಕಡೆ, ಕ್ಯಾಮೆರಾದ ಕೆಳಗೆ, ನೋಡಿದರು. ಮೇಸ್ತ್ರಿ ಕೈಯಾಡಿಸಿ ಏನೋ ಕೇಳಿದ. ಇಷ್ಟು ಸಾಕಾ ಎಂದಿರಬೇಕು. ಬಾಗಿಲಲ್ಲಿ ಯಾರೋ ನಿಂತಿದ್ದರು. ಆ ಯಾರೋ ಹೆಜ್ಜೆ ಮುಂದಿಟ್ಟಂತೆ ನೆಲದ ಮೇಲೆ ಒಂದು ನೆರಳು ಉದ್ದವಾಗುತ್ತ ಬಂತು.

ಚಿತ್ರ ನಿಂತಿತು.

ಅವಳು ಮತ್ತೆ ಒತ್ತಿದಳು. ಅಲ್ಲಿಯೇ ನಿಂತಿತು. ಮುಂದೆ ಇರಲಿಲ್ಲ. ಡಿಸ್ಕಿನ ಜಾಗ ಮುಗಿದದ್ದು ಆ ಕ್ಷಣದಲ್ಲಿ.

ಇಷ್ಟು ದಿನ ಊರಿನವರ ಮೇಲೆಲ್ಲ ಹಾಯ್ದ ಸಿಟ್ಟು ಈಗ ಅವಳೊಳಗೇ ತಿರುಗಿ ನಿಂತಿತು. ನಿನ್ನಾಣೆ ಎಂದಿದ್ದನಲ್ಲ! ಸರಳಿನ ಹಿಂದೆ ನಿಂತು, ಅಕ್ಕನ ಕಣ್ಣಲ್ಲಿ ಕಣ್ಣಿಟ್ಟು, ಅಕ್ಕನ ಆಣೆ ಇಟ್ಟನಲ್ಲ! ಅವನಿಗಾಗಿ ಅವಳು ಠಾಣೆಯಲ್ಲಿ ಕೂಗಿದ್ದಳು, ಬೀದಿಯಲ್ಲಿ ಜಗಳವಾಡಿದ್ದಳು, ಅಂಗಡಿಗೆ ಬಾಗಿಲು ಹಾಕಿ ಇಲ್ಲಿ ಬಂದು ಕೂತಿದ್ದಳು. ಅವನ ಕುತ್ತಿಗೆಗೆ ಬೀಳುವ ಕುಣಿಕೆಯನ್ನು ತಾನೇ ಹುಡುಕಿ ತೆಗೆದು ಪೊಲೀಸಿನವನ ಕೈಗೆ ಕೊಟ್ಟಳು. ಅವನು ಈಗ ಎದುರಿಗೆ ಸಿಕ್ಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು, ಬಾರಿಸಿ ತಬ್ಬಿಕೊಂಡು ಅಳುತ್ತಿದ್ದಳು.

"ಎಷ್ಟು ಸಲ ಹೇಳಿದೆ," ಎಂದ ಅಳಿಯ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಸುಸ್ತು ಇತ್ತು. "ಅಳಿಸಿಬಿಡಿ ಅಂತ ಎಷ್ಟು ಸಲ ಹೇಳಿದೆ. ನನಗೋಸ್ಕರ ಹೇಳಿದ್ದಲ್ಲಮ್ಮ. ನಿನ್ನ ತಮ್ಮನೇ ಅಂಗಲಾಚಿ ಬೇಡ್ಕೊಂಡಿದ್ದ. ಆ ಕಂಪ್ಯೂಟರ್ ಹೇಗಾದ್ರೂ ಅಳಿಸಿ ಸಾರ್, ಅಕ್ಕನ ಕೈಗೆ ಮಾತ್ರ ಸಿಗಬಾರ್ದು ಅಂತ. ರಾತ್ರಿ ಏನೂ ರೆಕಾರ್ಡ್ ಆಗಲ್ಲ ಕಣೋ ಅಂದ್ರೂ ಕೇಳ್ಲಿಲ್ಲ."

"ಸುಳ್ಳು."

"ಸುಳ್ಳು ಹೇಳಿ ನಂಗೇನಾಗ್ಬೇಕು?"

"ಯಾವಾಗ ಬೇಡ್ಕೊಂಡ?" ಅವಳು ಎದ್ದು ನಿಂತಳು.

"ಹಿಡ್ಕೊಂಡು ಹೋದ ಮೇಲೆ. ಠಾಣೆಯಿಂದ ಫೋನ್ ಮಾಡಿದ್ದ."

"ಠಾಣೆಯಿಂದ?" ಅವಳ ತಲೆ, ಅಷ್ಟು ಉರಿಯ ನಡುವೆಯೂ, ಟಕ್ಕೆಂದು ಕೆಲಸ ಮಾಡಿತು. "ಅವನ ಫೋನ್ ಅವತ್ತೇ ಕಿತ್ಕೊಂಡಿದ್ರು. ನಂಗೆ ಒಂದು ಫೋನ್ ಮಾಡೋದಕ್ಕೂ ಬಿಟ್ಟಿರ್ಲಿಲ್ಲ. ಲಾಕಪ್ಪಿನಲ್ಲಿರೋನಿಗೆ ಫೋನ್ ಎಲ್ಲಿಂದ ಬಂತು? ಯಾರ ಫೋನಿಂದ ಮಾಡಿದ ಅವನು?"

ಅಳಿಯನ ಕಣ್ಣು ಅವಳ ಹೆಗಲನ್ನು ದಾಟಿ ಹಿಂದಕ್ಕೆ ಹೋಯಿತು, ಹೋದದ್ದು ಅಲ್ಲೇ ನಿಂತಿತು.

ಅವಳ ಬೆನ್ನ ಹಿಂದೆ ಬಾಗಿಲಿನ ಚಿಲಕ ಬಿದ್ದ ಸದ್ದಾಯಿತು. ಒಳಗಡೆಯಿಂದ.

ಇನ್ಸ್‌ಪೆಕ್ಟರ್ ಟೋಪಿಯ ಧೂಳು ಕೊಡವಿ ತಲೆಗಿಟ್ಟುಕೊಂಡ. ನಿಧಾನವಾಗಿ ನಡೆದು ಬಂದು ಅವಳು ಕೂತಿದ್ದ ಕುರ್ಚಿಯ ಬೆನ್ನಿಗೆ ಕೈಯೂರಿದ. ಪರದೆಯ ಮೇಲೆ ನಿಂತುಹೋಗಿದ್ದ ಆ ನೆರಳನ್ನು ನೋಡಿದ. ಆ ನೆರಳಿನ ತಲೆಯ ಮೇಲೂ ಇಂಥದೇ ಟೋಪಿ ಇತ್ತು.

"ಕೂತ್ಕೋಮ್ಮ," ಎಂದ. ಠಾಣೆಯಲ್ಲಿ ಕುರ್ಚಿ ಕೊಡಿಸುವಾಗ ಇದ್ದ ಅದೇ ಮೆತ್ತನೆಯ ದನಿ. "ಇದನ್ನ ನೋಡಿರೋದು ನಾವು ನಾಲ್ಕು ಜನ. ಯಜಮಾನರು ಮಾತಾಡಲ್ಲ, ಅವರಿಗೆ ಕಾರ್ಖಾನೆ ನಡೀಬೇಕು. ಅಳಿಯಂದಿರು ಮೊದಲೇ ಮಾತಾಡಲ್ಲ. ಇನ್ನು ನೀನು. ನಿನ್ನ ತಮ್ಮ ಇವತ್ತೇ ಮನೆಗೆ ಬರ್ಬೇಕು ತಾನೆ?"

ಅವನು ಮೌಸನ್ನು ಅವಳ ಕಡೆ ಸರಿಸಿದ.

"ಹಾಗಿದ್ರೆ ನಿನ್ನ ಕೈಯಾರೆ ಅದನ್ನ ಅಳಿಸು."